ಸುಕ್ಕೋತ್ ಹಬ್ಬದ ಪರ್ಣಶಾಲೆ: ಕಟ್ಟುವ ಕ್ರಮ ಮತ್ತು ಅರ್ಥ

ಯೆಹೂದ್ಯರ ಪಂಚಾಂಗದ ತಿಶ್ರೀ ತಿಂಗಳ (ಸೆಪ್ಟೆಂಬರ್-ಅಕ್ಟೋಬರ್) 15ರಂದು ಆರಂಭವಾಗಿ ಏಳು ದಿನ ನಡೆಯುವ ಸುಕ್ಕೋತ್, ಕಣದ ಧಾನ್ಯವೂ ದ್ರಾಕ್ಷಾರಸವೂ ಮನೆ ಸೇರಿದ ಮೇಲೆ ಬರುವ ಸುಗ್ಗಿಯ ಹಬ್ಬ. ಕಣಜ ತುಂಬಿದ ಆ ಹೊತ್ತಿನಲ್ಲೇ ಮನೆ ಬಿಟ್ಟು ಪರ್ಣಶಾಲೆಯಲ್ಲಿರಬೇಕೆಂದು ಬೈಬಲಿನ ಯಾಜಕಕಾಂಡದ 23ನೆಯ ಅಧ್ಯಾಯ ವಿಧಿಸುತ್ತದೆ. ಈಜಿಪ್ಟಿನಿಂದ ಹೊರಟ ಪೂರ್ವಜರನ್ನು ದೇವರು ಇಂಥ ಗುಡಿಸಲುಗಳಲ್ಲಿ ಇರಿಸಿದ್ದನ್ನು ಮುಂದಿನ ತಲೆಮಾರುಗಳು ಅರಿಯಲೆಂಬುದೇ ಅಲ್ಲಿ ಹೇಳಿರುವ ಕಾರಣ.

ಪರ್ಣಶಾಲೆಯನ್ನು ಬಯಲಿನಲ್ಲಿ ಕಟ್ಟಬೇಕು. ಮರದ ಕೆಳಗೆ ಕಟ್ಟಿದ್ದು ಸಲ್ಲದು. ಗಾಳಿಗೆ ನಿಲ್ಲುವ ಗೋಡೆಗಳನ್ನು ಮೊದಲು ನಿಲ್ಲಿಸಿ, ಆಮೇಲೆ ನೆಲದಲ್ಲಿ ಬೆಳೆದು ಕಡಿದು ತಂದ ಗರಿ, ಸೊಪ್ಪು ಅಥವಾ ಬಿದಿರನ್ನು ಹೊದಿಸಿರಿ. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ರಾತ್ರಿ ಊಟಕ್ಕೆ ಕುಳಿತವರು ತಲೆಯೆತ್ತಿದರೆ ಗರಿಗಳ ಸಂದಿನಲ್ಲಿ ನಕ್ಷತ್ರ ಕಾಣುವಷ್ಟು ತೆಳುವಾಗಿರುವುದು ಉತ್ತಮ. ಹಬ್ಬದ ತಿರುಳೆಲ್ಲ ಈ ಹೊದಿಕೆಯಲ್ಲೇ ಇದೆಯೆಂದು ನಾನು ನಂಬುತ್ತೇನೆ, ಏಕೆಂದರೆ ಬೆಳೆ ಕೈಸೇರಿದವನಿಗೆ ತನ್ನನ್ನು ಕಾಯುವುದು ಗಟ್ಟಿ ಸೂರಲ್ಲ, ದೇವರು ಎಂಬುದನ್ನು ಅದು ಮಾತಿಲ್ಲದೆ ತಿಳಿಸುತ್ತದೆ.

ವಾರದ ವಿಶ್ರಾಂತಿ ದಿನವಾದ ಸಬ್ಬತ್ (ಶನಿವಾರ) ಒಂದನ್ನು ಬಿಟ್ಟು ಪ್ರತಿದಿನ, ಖರ್ಜೂರದ ಬಿಚ್ಚದ ಸುಳಿಗರಿಗೆ ಮೂರು ಮಿರ್ಟಲ್ ಕಡ್ಡಿ, ಎರಡು ವಿಲೋ ಕಡ್ಡಿ ಸೇರಿಸಿ ಕಟ್ಟಿದ ಕಂತೆಯನ್ನು ಬಲಗೈಯಲ್ಲೂ ಮಾದಳದ ಹಣ್ಣನ್ನು ಎಡಗೈಯಲ್ಲೂ ಹಿಡಿದು, ನಾಲ್ಕು ದಿಕ್ಕಿಗೂ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ನಾಲ್ಕೂ ನೀರಿಲ್ಲದೆ ಬದುಕದ ಗಿಡಗಳು; ವರ್ಷದ ಮಳೆಯ ಬಗ್ಗೆ ದೇವರ ತೀರ್ಪು ಈ ಹಬ್ಬದಲ್ಲೇ ಆಗುತ್ತದೆಂದು ಯೆಹೂದ್ಯರ ಪ್ರಾಚೀನ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಊಟ ಕೆಡುವಷ್ಟು ಮಳೆ ಸುರಿದರೆ ಮನೆಯೊಳಗೆ ಹೋಗಲು ಅನುಮತಿಯಿದೆ.