ತೊಟ್ಟಿಯೊಳಗಿನ ಹುಳ

ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. 2024ರ ಮಳೆಗಾಲದಲ್ಲಿ ನಮ್ಮೂರಿನ ಒಂದೇ ಬೀದಿಯಲ್ಲಿ ನಾಲ್ಕು ಮಂದಿಗೆ ಡೆಂಗಿ ಬಂತು. ಅವರಲ್ಲಿ ಒಬ್ಬಳು ಆರನೇ ಕ್ಲಾಸಿನ ಹುಡುಗಿ. ಪ್ಲೇಟ್‌ಲೆಟ್ ಇಳಿದು ಐದು ದಿನ ಆಸ್ಪತ್ರೆಯಲ್ಲಿದ್ದಳು. ಆ ಐದು ದಿನ ನನಗೂ ಊಟ ಸೇರಲಿಲ್ಲ.

ಎಲ್ಲರೂ ಚರಂಡಿ ಕಡೆ ಕೈ ತೋರಿಸಿದರು. ಅದು ನಾರುತ್ತಿದ್ದದ್ದು ನಿಜ. ಹೊಗೆ ಹೊಡೆಸಿ ಅಂದರು, ಹೊಡೆಸಿದ್ದೂ ಆಯಿತು. ಆದರೆ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ, ನೀರಿನೊಳಗಿನ ಮರಿ ಅಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಗಿಂತ ನಾವು ಹಿಡಿದಿಟ್ಟ ತಿಳಿನೀರೇ ಇಷ್ಟ.

ಟಾರ್ಚ್ ಹಿಡಿದು ಮನೆಮನೆ ಹೊಕ್ಕೆ. ಮೊದಲನೇ ಮನೆಯ ಅಜ್ಜಿ, "ಚರಂಡಿ ಬುಟ್ಟು ನಮ್ಮನೆ ತೊಟ್ಟಿ ಯಾಕ್ ನೋಡ್ತೀಯ ಕಣವ್ವ?" ಅಂತ ರೇಗಿದರು. ಬೆಳಕು ಬಿದ್ದದ್ದೇ ಹುಳಗಳು ಸರಸರ ತಳಕ್ಕೆ ಇಳಿದವು. ಒಂದು ಲೋಟಕ್ಕೆ ಮೊಗೆದು ಅಜ್ಜಿ ಕೈಗೆ ಕೊಟ್ಟೆ. "ಇವಕ್ಕೇ ರೆಕ್ಕೆ ಬರೋದು ಅಜ್ಜಿ." ಅವರು ಲೋಟ ನೋಡುತ್ತಾ ನಿಂತುಬಿಟ್ಟರು.

ಶೀಟು ಹಾರದಿರಲಿ ಅಂತ ಇಟ್ಟ ಟೈರು, ಹಿತ್ತಲ ಒರಳುಕಲ್ಲು, ಎಳನೀರು ಬುರುಡೆ, ಎಲ್ಲದರಲ್ಲೂ ಹುಳ. ಇವನ್ನು ಬರಿದು ಮಾಡಿಸುವುದು ಸುಲಭ. ತೊಟ್ಟಿ ಖಾಲಿ ಮಾಡಲು ಮಾತ್ರ ಯಾರೂ ಒಪ್ಪಲಿಲ್ಲ. ನನಗೆ ಸಿಟ್ಟೇ ಬಂತು. ಆಗ ಒಬ್ಬಳು ಬಾಣಂತಿ ಕೇಳಿದಳು: "ನಾಳೆ ನೀರು ಬರದಿದ್ರೆ ನೀನು ತಂದ್ಕೊಡ್ತೀಯಾ ಅಕ್ಕ?"

ಅವಳ ಮಾತು ಸರಿ ಅಲ್ವಾ? ನಲ್ಲಿ ನೀರು ಯಾವ ದಿನ ಬರುತ್ತದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಭಯಕ್ಕೆ ಎಲ್ಲರೂ ಜಾಸ್ತಿ ಹಿಡಿದಿಡುತ್ತಿದ್ದರು, ವಾರಗಟ್ಟಲೆ ಇಡುತ್ತಿದ್ದರು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು.

ಆ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವೂ ಬಂತು. ದಂಡದ ಮಾತನ್ನು ನಾನು ಎತ್ತಲೇ ಇಲ್ಲ. ನೀರಿನ ಚಿಂತೆಯಲ್ಲಿರುವವರನ್ನು ಹೆದರಿಸಲು ಮನಸ್ಸು ಒಪ್ಪಲಿಲ್ಲ. ನೇರ ನೀರುಗಂಟಿ ಹತ್ತಿರ ಹೋದೆ. "ಅಣ್ಣ, ನೀರು ಎಷ್ಟಾದರೂ ಬಿಡಿ, ದಿನ ಮಾತ್ರ ಗೊತ್ತು ಮಾಡಿ" ಅಂದೆ. ಸೋಮವಾರ, ಶುಕ್ರವಾರ ಬೆಳಗ್ಗೆ ಅಂತ ಒಪ್ಪಿದರು. ಹೇಳಿದಂತೆ ನಡೆದುಕೊಂಡರು.

ಅಲ್ಲಿಂದ ಗುರುವಾರ ಸಂಜೆ ತೊಟ್ಟಿ ಉಜ್ಜುವ ಹೊತ್ತಾಯಿತು. ಸುಮ್ನೆ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ತೊಟ್ಟಿಯ ಒಳಗೋಡೆಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದು, ನೀರು ತಾಗಿದಾಗ ಒಡೆಯುತ್ತದೆ. ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಲೇಬೇಕು.

ಮುಂದಿನ ಬೇಸಿಗೆಯಲ್ಲಿ ಮೋಟಾರ್ ಸುಟ್ಟು ಎರಡು ವಾರ ಟ್ಯಾಂಕರ್ ನೀರೇ ಗತಿಯಾಯಿತು. ಮೂರು ಮನೆಯಲ್ಲಿ ಮತ್ತೆ ಹುಳ ಕಂಡವು. ಹಳೇ ಪಂಚೆ, ಸೀರೆ ಹರಿದು ಡ್ರಮ್ಮಿನ ಬಾಯಿಗೆ ಕಟ್ಟಿಸಿದೆ. ಆ ಅಜ್ಜಿಯೇ ನನ್ನ ಜೊತೆ ಬಂದು, ಒಂದೊಂದು ಗಂಟನ್ನೂ ಎಳೆದು ನೋಡಿದರು.