ಗಲ್ಲೆಗೆ ಬೀಳುವ ಮಾತು

"ಊಟ ಹೇಗಿತ್ತು?" ಎಂದು ಕೇಳಿದರೆ ಮುಂಬಯಿಯ ಗಿರಾಕಿ "ಮಸ್ತ್" ಅಂತಾನೆ, ಚಿಲ್ಲರೆ ಇಸಿದುಕೊಂಡು ಹೋಗುತ್ತಾನೆ. ಆ ಉತ್ತರದಿಂದ ಹೋಟೆಲಿನವನಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಗಿರಾಕಿಗೆ ಬೇಕಾದದ್ದು ಗೊತ್ತಾಗುವುದು ಆರ್ಡರ್ ಕೊಡುವ ಮೊದಲು ಆಡುವ ಎರಡು ಮಾತಿನಲ್ಲಿ. ಅದನ್ನೇ ನಾನು ಬರೆದಿಡುತ್ತೇನೆ.

ಗಲ್ಲೆಯ, ಅಂದರೆ ಹಣದ ಪೆಟ್ಟಿಗೆಯ, ಪಕ್ಕ ಒಂದು ಗೆರೆ ಪುಸ್ತಕ, ಅದರಲ್ಲಿ ನಾಲ್ಕು ಕಾಲಂ: ಹೊತ್ತು, ಗಿರಾಕಿಯ ಮಾತು, ನಾವು ಕೊಟ್ಟ ಉತ್ತರ, ಆಮೇಲೆ ಅವರು ಮಾಡಿದ್ದು. ಮಾತು ಹಿಂದಿಯೋ ಮರಾಠಿಯೋ, ಇದ್ದ ಹಾಗೇ ಕನ್ನಡ ಅಕ್ಷರದಲ್ಲಿ ಬರಬೇಕು. ಮಾಣಿಗಳಿಗೆ ಪುಸ್ತಕ ಹಿಡಿಯಲು ಕೈ ಬಿಡುವಿರುವುದಿಲ್ಲ. ಆರ್ಡರ್ ಚೀಟಿಯ ಹಿಂದೆ ಗೀಚಿ ಡಬ್ಬಿಗೆ ಹಾಕಿದರೆ ಸಾಕು, ಶಟರ್ ಎಳೆಯುವ ಮೊದಲು ನಾನು ಇಳಿಸಿಕೊಳ್ಳುತ್ತೇನೆ.

ನಾಲ್ಕನೆಯ ಕಾಲಂ ಖಾಲಿ ಬಿಟ್ಟರೆ ಉಳಿದ ಮೂರೂ ದಂಡ. "ಜೈನ್ ಸಾಂಬಾರ್ ಹೈ?" ಎಂದವರಿಗೆ "ಇಲ್ಲ" ಅಂದೆವು. ಚಟ್ನಿಯಲ್ಲಿ ಇಡ್ಲಿ ತಿಂದರೋ, ಎದ್ದು ಹೋದರೋ? ಎದ್ದರೆ ಒಬ್ಬರೇ ಏಳುವುದಿಲ್ಲ, ಟೇಬಲ್ಲೇ ಏಳುತ್ತದೆ. ಹಾಗಂತ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟ ಮಾತ್ರಕ್ಕೆ ಜೈನ್ ಸಾಂಬಾರ್ ಆಗುವುದಿಲ್ಲ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಅಂದರೆ ನೆಲದೊಳಗೆ ಬೆಳೆದ ಯಾವ ಗಡ್ಡೆಯೂ ಕೂಡದು. ಮಸಾಲೆ ದೋಸೆಯ ಪಲ್ಯಕ್ಕೆ ಬೇಯಿಸಿದ ಬಾಳೆಕಾಯಿ ಆಗುತ್ತದೆ. ಸೌಟು ಬೇರೆ ಇಡದಿದ್ದರೆ ಪಟ್ಟ ಪಾಡೆಲ್ಲ ನೀರಿಗೆ ಹೋದಂತೆ.

ಎಷ್ಟೋ ಪ್ರಶ್ನೆಗಳ ಒಳಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ "ಕಿತ್ನಾ ಟೈಮ್ ಲಗೇಗಾ?" (ಎಷ್ಟು ಹೊತ್ತಾಗುತ್ತದೆ?) ಎನ್ನುವವನಿಗೆ ಲೋಕಲ್ ರೈಲು ಹಿಡಿಯಬೇಕು, ಏನು ತಯಾರಿದೆ ಎಂಬುದೇ ಅವನ ಪ್ರಶ್ನೆ. "ಹತ್ತು ನಿಮಿಷ" ಅಂದರೆ ಹೊರಟುಬಿಡುತ್ತಾನೆ. "ಇಡ್ಲಿ, ಉಪ್ಪಿಟ್ಟು ಈಗಲೇ, ದೋಸೆಗೆ ಹತ್ತು ನಿಮಿಷ" ಅಂದರೆ ಕೂರುತ್ತಾನೆ. ಅದೇ ಪ್ರಶ್ನೆ ಭಾನುವಾರ ಸಂಜೆ ಬಂದರೆ ಮಕ್ಕಳಿಗೆ ಹಸಿವಾಗಿದೆ ಅಂತ ಅರ್ಥ. ಹೊತ್ತಿನ ಕಾಲಂ ಇರುವುದು ಇದಕ್ಕೇ.

"ಉಪವಾಸ್ ಕಾ ಕ್ಯಾ ಹೈ?" ಎಂಬ ಮಾತಿನ ಎದುರು ತಿಥಿಯನ್ನೂ ಬರೆಯಬೇಕು. ಸಂಕಷ್ಟಿಯ ದಿನ ಚಂದ್ರೋದಯದವರೆಗೆ ಸಾಬೂದಾಣಿ (ಸಬ್ಬಕ್ಕಿ) ಕೇಳಿದವರೇ ಆಮೇಲೆ ಪೂರ್ತಿ ಊಟ ಕೇಳುತ್ತಾರೆ. ಶ್ರಾವಣ ಉತ್ತರ ಭಾರತದವರ ಲೆಕ್ಕದಲ್ಲಿ ನಮಗಿಂತ ಸುಮಾರು 15 ದಿನ ಮೊದಲೇ ಶುರುವಾಗುತ್ತದೆ. ಸಾಬೂದಾಣಿ ಹಿಂದಿನ ರಾತ್ರಿಯೇ ನೆನೆಯಬೇಕು. ತೊಳೆದ ಮೇಲೆ ನೀರು ಕಾಳು ಮುಳುಗುವಷ್ಟು ಮಾತ್ರ, ಹೆಚ್ಚಾದರೆ ಖಿಚಡಿ ಅಂಟಾಗುತ್ತದೆ. ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಸಿಗಬಾರದು. ಅದರ ವಡೆಗೆ ದಿನದ ಕಾಯಿ ಚಟ್ನಿ ಕೊಟ್ಟರೆ ಕೆಲಸ ಕೆಟ್ಟಿತು: ಅದರಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಇದೆ, ಇಲ್ಲಿನವರ ಉಪವಾಸಕ್ಕೆ ಆಗದು. ಮೊಸರೋ ಕಡಲೆಕಾಯಿ ಚಟ್ನಿಯೋ ಇರಲಿ.

ದಿನಾ ಬರುವ ಒಬ್ಬ ದೊಡ್ಡ ಗಂಟಲಿನವನು ಹತ್ತು ಸಲ ಹೇಳಿದ್ದನ್ನು ಒಂದೇ ಅಂತ ಎಣಿಸುತ್ತೇನೆ. ಬೇರೆ ಬೇರೆ ಟೇಬಲ್ಲಿನಿಂದ, ಬೇರೆ ಬೇರೆ ವಾರ ಅದೇ ಮಾತು ಬಂದರೆ ಮಾತ್ರ ಅಡುಗೆ ಭಟ್ಟರಿಗೆ ಹೇಳುವುದು. ಅದೂ ಮೊದಲು ಒಂದು ಸಣ್ಣ ಪಾತ್ರೆ. ಅದು ಎಷ್ಟು ಗಂಟೆಗೆ ಖಾಲಿಯಾಯಿತು ಎಂದು ನೋಡಿ ಮುಂದಿನ ಅಳತೆ.

"ರೇಟ್ ಜಾಸ್ತಿ" ಎನ್ನುವುದನ್ನು ನಾನು ಬರೆಯುವುದೇ ಇಲ್ಲ, ಎಲ್ಲರೂ ಹೇಳುತ್ತಾರೆ. ಇಬ್ಬರು ಬಂದು ಒಂದೇ ದೋಸೆ ಹೇಳಿ ಎರಡು ಪ್ಲೇಟ್ ಕೇಳಿದಾಗ ಬರೆಯುತ್ತೇನೆ. ಟೇಬಲ್ಲಿನಲ್ಲಿ ಆಡಿಕೊಳ್ಳುವ ಮನೆಯ ವಿಷಯ ಮಾತ್ರ ಪುಸ್ತಕಕ್ಕೂ ಇಲ್ಲ, ಮಾಣಿಯ ಬಾಯಿಗೂ ಇಲ್ಲ.