ಮರಾಠಿ ಶಾಲೆಯ ಮಗುವಿಗೆ ಮನೆಯಲ್ಲಿ ಕನ್ನಡ ಓದು

ಪುಣೆ, ಮುಂಬೈಯಲ್ಲಿ ಬೆಳೆಯುವ ಮಗುವಿಗೆ ದೇವನಾಗರಿ ಬಂದರೆ ಅರ್ಧ ಕೆಲಸ ಆದಂತೆಯೇ. ಕಾಗುಣಿತದ ಕ್ರಮ ಹೆಚ್ಚುಕಮ್ಮಿ ಒಂದೇ, ರೂಪ ಮಾತ್ರ ಬೇರೆ. ವಾರಕ್ಕೆ 5 ಅಕ್ಷರ ಸಾಕು, ಅವಸರ ಬೇಡ.

ರಾತ್ರಿ ಊಟವಾದ ಮೇಲೆ 15 ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನೀವೇ ಓದಿ. ಮರುದಿನ ಅದೇ ಪುಟ ತೆಗೆದು, ಸಾಲಿನ ಕೊನೆಯ ಪದವನ್ನು ಮಗುವಿಗೆ ಬಿಡಿ.

ಮಕ್ಕಳು ಎಡವುವುದು ಹ್ರಸ್ವ-ದೀರ್ಘದಲ್ಲಿ. ಮರಾಠಿ ಬರಹದಲ್ಲಿ ಎ-ಏ, ಒ-ಓ ಭೇದವಿಲ್ಲ. ಹಾಗಾಗಿ ‘ಕೊಡು’ ಹೋಗಿ ‘ಕೋಡು’ ಆಗುತ್ತದೆ. ಎರಡನ್ನೂ ದೊಡ್ಡದಾಗಿ ಬರೆಯಿರಿ. ಮೊದಲನೆಯದಕ್ಕೆ ಕೈ ಚಾಚಿ, ಎರಡನೆಯದಕ್ಕೆ ತಲೆಯ ಮೇಲೆ ಎರಡು ಬೆರಳು ಎತ್ತಿ ಕೊಂಬು ತೋರಿಸಿ.

ಕಥೆಯ ಬಗ್ಗೆ ಮಗು ಮರಾಠಿಯಲ್ಲಿ ಕೇಳಿದರೆ ತಡೆಯಬೇಡಿ, ಬೈಯಲೇಬೇಡಿ. ಉತ್ತರ ಮಾತ್ರ ಕನ್ನಡದಲ್ಲೇ ಕೊಡಿ.